ಇನ್ನೂ 40 ಅಕ್ಷರ ಉಳಿದಿದ್ದವು

ಲೇ ದೋಸ್ತ,

ಹೆಸರು ಹಾಕಿಲ್ಲ. ಹಾಕಿದ್ದರೆ ನೀನು ಇಂಡಿಯಿಂದ ಬಸ್ ಹತ್ತಿ ಬಂದು ಬಡಿಯುತ್ತಿದ್ದೆ. ಓದುತ್ತಿರುವ ಉಳಿದ ಮಂದಿಗೆ ನಮಸ್ಕಾರ, ನೀವು ಕಟ್ಟೆ ಮೇಲೆ ಸುಮ್ನೆ ಕೂತು ಕೇಳಿ, ನಡುವೆ ಬಾಯಿ ಹಾಕಬೇಡಿ. ಸೊಲ್ಲಾಪುರದ ಚಪ್ಪಲಿ ವಿಷಯ ಇಲ್ಲಿ ಎತ್ತೋದಿಲ್ಲ ಅಂತ ಮೊದಲೇ ಮಾತು ಕೊಡ್ತೀನಿ.

ಸುದ್ದಿ ನಿನಗೆ ಮುಟ್ಟಿರಬೇಕು. ಐದು ವಾರದಿಂದ ನನ್ನ ಹತ್ತಿರ ಸ್ಮಾರ್ಟ್‌ಫೋನ್ ಇಲ್ಲ. ಡಬ್ಬಾ ಸೆಟ್. ಕೀಪ್ಯಾಡಿಂದು, ಟಾರ್ಚ್ ಇದೆ, ಎಫ್‌ಎಂ ಇದೆ, ಹಾವಿನ ಆಟವೂ ಇದೆ. ಅಂಗಡಿಯಲ್ಲಿ ಹಳೇ ನೋಕಿಯಾ 1100 ಕೇಳಿದೆ. ಅದೇ, ನಿನ್ನ ಹತ್ತಿರ ಇತ್ತಲ್ಲ, ಕರೆಂಟ್ ಹೋದಾಗ ಇಡೀ ರೂಮಿಗೆ ಬೆಳಕು ಕೊಡುತ್ತಿತ್ತಲ್ಲ, ಅದು. 2003ರಲ್ಲಿ ಬಂದದ್ದು, ಜಗತ್ತಿನಲ್ಲಿ 25 ಕೋಟಿಗೂ ಜಾಸ್ತಿ ಮಾರಾಟವಾದ ಸೆಟ್ಟದು. ಅಂಗಡಿಯ ಹುಡುಗ ನನ್ನನ್ನು ನಮ್ಮೂರಿನ ಅರ್ಧಕ್ಕೇ ನಿಂತ ಹಳೇ ಗೋರಿ ಬಾರಾಕಮಾನ್ ನೋಡುವ ಹಾಗೆ ನೋಡಿದ. 'ಕಾಕಾ, ಸಿಮ್ ಯಾವುದೈತಿ? ಜಿಯೋ ಇದ್ರ ಹಳೇ ಸೆಟ್ ನಡೆಂಗಿಲ್ಲ, ಅದಕ್ಕ 2ಜಿ ಬೇಕು, ಜಿಯೋದಾಗ 2ಜಿನೇ ಇಲ್ಲ' ಅಂದ. ಹೌದಲ್ಲ, ಹಿಂದಕ್ಕೆ ಹೋಗೋಕೂ 4ಜಿ ಬೇಕು. ಹಾಗಾಗಿ ಹೊಸ ಡಬ್ಬಾ ಕೊಂಡೆ. 'ಕಾಕಾ' ಅಂದದ್ದನ್ನು ಇನ್ನೂ ಮರೆತಿಲ್ಲ.

ಮೊದಲ ವಾರ ನನ್ನ ಗತ್ತು ನೋಡಬೇಕಿತ್ತು. ಆಫೀಸಿನಲ್ಲಿ ಎಲ್ಲರೂ ತಲೆ ಬಗ್ಗಿಸಿ ಕೂತಾಗ ನಾನೊಬ್ಬನೇ ಕಿಟಕಿ ಹೊರಗೆ ನೋಡುತ್ತಾ ಕೂತಿರುತ್ತಿದ್ದೆ, ಏನೋ ದೊಡ್ಡ ವೈರಾಗ್ಯ ಬಂದವನ ಹಾಗೆ. ಕೇಳಿದವರಿಗೆಲ್ಲ 'ಕಣ್ಣು ಉರೀತಿದ್ದವು, ಬಿಟ್ಟುಬಿಟ್ಟೆ' ಅಂದೆ. ಬೀಡಿ ಬಿಟ್ಟವರು ಹೇಳ್ತಾರಲ್ಲ, ಅದೇ ಧಾಟಿ. ತೊಂದರೆಯೂ ಇದೆ, ಇಲ್ಲ ಅನ್ನಲ್ಲ. ಗಾಂಧಿ ಚೌಕದಲ್ಲಿ ಚಹಾ ಕುಡಿದು ನೋಟು ಕೊಟ್ಟರೆ ಚಿಲ್ಲರೆ ಇಲ್ಲ ಅಂತಾರೆ. ನಮ್ಮಂಥ ಡಬ್ಬಾದವರಿಗೆ ಅಂತಲೇ 2022ರಲ್ಲಿ ಯುಪಿಐ 123ಪೇ ತಂದಿದ್ದಾರೆ. ಒಂದು ನಂಬರಿಗೆ ಫೋನ್ ಹಚ್ಚಿ, ಅದು ಹೇಳಿದಂಗೆ ಗುಂಡಿ ಒತ್ತುತ್ತಾ ಹೋದರೆ ರೊಕ್ಕ ಹೋಗುತ್ತದೆ. ಹೋಗೋದೇನೋ ಹೋಗುತ್ತದೆ, ಆದರೆ ಹತ್ತು ರೂಪಾಯಿ ಚಹಾಕ್ಕೆ ಅಷ್ಟು ಹೊತ್ತು ನಿಂತರೆ ಹಿಂದೆ ನಿಂತವರು ತಾವೇ ಕೊಟ್ಟು ಕಳಿಸ್ತಾರೆ. ಎರಡು ಸಲ ಹಾಗೆ ಪುಕ್ಕಟೆ ಕುಡಿದಿದ್ದೇನೆ. ಎಂಟನೇ ಪ್ಲೇಟ್ ಗಿರಮಿಟ್ಟಿನ ಕಾಲದಿಂದಲೂ ನನಗೆ ಈ ವಿದ್ಯೆ ಗೊತ್ತಲ್ವಾ.

ನಿಜವಾದ ಕೆಲಸ ಅಂದರೆ ನಂಬರ್ ದಾಟಿಸೋದು. ಸಿಮ್ಮಿನಲ್ಲಿ ಹಿಡಿಯೋದು 250 ಹೆಸರು. ನನ್ನ ಹಳೇ ಫೋನಿನಲ್ಲಿ ಇದ್ದದ್ದು ಸಾವಿರದ ಮೇಲೆ. ಒಂದು ರವಿವಾರ ಇಡೀ ಕೂತು ಆರಿಸಿದೆ. 'ಪ್ಲಂಬರ್', 'ಪ್ಲಂಬರ್ ಹೊಸ', 'ಪ್ಲಂಬರ್ ಕರೀಬೇಡ'. 'ಎತ್ತಬೇಡ 1', 'ಎತ್ತಬೇಡ 2'. ತೀರಿಹೋದವರ ನಂಬರ್ ಹನ್ನೊಂದು ಇದ್ದವು, ಅಳಿಸೋಕೆ ಕೈ ಬರಲಿಲ್ಲ, ಒಯ್ಯೋಕೂ ಜಾಗ ಇರಲಿಲ್ಲ. ಕೊನೆಗೆ ಹಳೇ ಡೈರಿಯಲ್ಲಿ ಬರೆದಿಟ್ಟೆ.

ನಿನ್ನ ಹೆಸರು ಬಂತು. ದಾಟಿಸುವ ಮೊದಲು ಸುಮ್ನೆ ನಮ್ಮ ಹಳೇ ಮೆಸೇಜು ನೋಡುತ್ತಾ ಕೂತೆ. ನೀನು ಕಳಿಸಿದ ಲಿಂಬೆ ತೋಟದ ಫೋಟೋ, ನನ್ನ ಹೆಬ್ಬೆಟ್ಟು. ನಿನ್ನ ಮಗಳ ರಿಸಲ್ಟು, ನನ್ನ ಹೆಬ್ಬೆಟ್ಟು. ಬೋರ್‌ವೆಲ್ಲಿಗೆ ನೀರು ಬಿದ್ದದ್ದು, ಹೆಬ್ಬೆಟ್ಟು. ಲೇ, ಸಾಲಿ ಕಲಿಯದ ನಮ್ಮಜ್ಜ ಸೊಸೈಟಿ ಕಾಗದದ ಮೇಲೆ ಒತ್ತಿದ್ದಕ್ಕಿಂತ ಜಾಸ್ತಿ ಹೆಬ್ಬೆಟ್ಟನ್ನು ನಾನು ನಿನಗೊಬ್ಬನಿಗೇ ಒತ್ತಿದ್ದೇನೆ. ಹಾಗೇ ಮೇಲೆ ಹೋಗುತ್ತಾ ಹೋದರೆ ಹೋದ ವರ್ಷದ ಶ್ರಾವಣ ಬಂತು. ಅಲ್ಲಿಗೆ ಫೋನ್ ಕೆಳಗಿಟ್ಟೆ.

ಮರು ರವಿವಾರ ಗೋಳಗುಮ್ಮಟಕ್ಕೆ ಹೋದೆ. ಊರವರು ಯಾರು ಹೋಗ್ತಾರೆ ಹೇಳು, ಬೀಗರು ಬಂದರೆ ಮಾತ್ರ. ಆದರೆ ಕೈಯಲ್ಲಿ ಫೋನ್ ಇಲ್ಲದವನಿಗೆ ರವಿವಾರ ಬಹಳ ಉದ್ದ ಇರುತ್ತದೆ. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಮೂಲೆಯ ಮಿನಾರಿನ ಮೆಟ್ಟಿಲು ಹತ್ತಿದೆ. ಏಳಂತಸ್ತು, ಮೂರನೆಯದರಲ್ಲಿ ಕೂತೆ, ಐದನೆಯದರಲ್ಲಿ ಮತ್ತೆ ಕೂತೆ, ನಗಬೇಡ. ಮೇಲೆ ಆ ಪಿಸುಮಾತಿನ ಮೊಗಸಾಲೆ ಹಾಗೇ ಇದೆ. 1656ರಲ್ಲಿ ಕಟ್ಟಿ ಮುಗಿಸಿದಾಗಿನಿಂದ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಆ ಕಡೆ ಗೋಡೆಗೆ ಕಿವಿ ಕೊಟ್ಟವನಿಗೆ ಕೇಳುತ್ತದೆ, ನಡುವೆ 124 ಅಡಿ ಬಯಲು, ಒಂದು ಕಂಬ ಇಲ್ಲ. ನಾವು ಕಾಲೇಜಿನಲ್ಲಿದ್ದಾಗ, ಆಗಿನ್ನೂ ಊರು ಬಿಜಾಪುರವೇ, ನೀನು ಆ ಕಡೆಯಿಂದ 'ರೊಕ್ಕ ಐತೇನ್ಲೇ' ಅಂತ ಕೇಳುತ್ತಿದ್ದೆ, ನಾನು ಈ ಕಡೆಯಿಂದ 'ಅವ್ವ ರೊಟ್ಟಿ ಕಳಿಸ್ಯಾಳೇನ್ಲೇ' ಅಂತ ಕೇಳುತ್ತಿದ್ದೆ. ಇಬ್ಬರದೂ ಅದೊಂದೇ ಚಿಂತೆ. ನನ್ನ ಅವ್ವ ಅಲ್ಲ, ನಿನ್ನ ಅವ್ವ. ಬಸ್ಸಿನ ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದ ಆ ಬಟ್ಟೆ ಗಂಟು, ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಲಿಂಬೆಕಾಯಿ ಉಪ್ಪಿನಕಾಯಿ. ಗಂಟಿನಲ್ಲಿ ನನಗೆ ಅಂತ ಬೇರೆ ಹತ್ತು ರೊಟ್ಟಿ ಇರುತ್ತಿದ್ದವು. ನೀನು ಅದರಲ್ಲೂ ಎರಡು ಕದಿಯುತ್ತಿದ್ದೆ.

ಹೊತ್ತೇರಿದ ಮೇಲೆ ಮಂದಿ ಬಂದರು. ಎಲ್ಲರೂ ಕೂಗೋರೇ. ಹೋ ಅಂದರೆ ಏಳೆಂಟು ಸಲ ಹೋ ಅನ್ನುತ್ತದಲ್ಲ, ಅದಕ್ಕೇ ಎಲ್ಲರಿಗೂ ಖುಷಿ, ಕೂಗೋದು, ಅದರ ವಿಡಿಯೋ ಮಾಡೋದು. ಪಿಸುಗುಟ್ಟೋರು ಒಬ್ಬರೂ ಇಲ್ಲ. ಎದ್ದು ಹೋಗೋಣ ಅಂತಿದ್ದೆ, ಗದ್ದಲ ಒಂದು ಕ್ಷಣ ನಿಂತಿತು ನೋಡು, ಆಗ ಕಿವಿ ಹತ್ತಿರವೇ ಒಂದು ಕೂಸು 'ಅವ್ವಾ, ನನಗ ಹಸಿವಾಗೇತಿ' ಅಂದಿತು. ತಿರುಗಿ ನೋಡಿದರೆ ಪಕ್ಕದಲ್ಲಿ ಯಾರೂ ಇಲ್ಲ. ಆ ಕಡೆ, ಬಯಲಿನ ಆಚೆ, ತಾಯಿ ಸೆರಗು ಹಿಡಿದು ನಿಂತಿತ್ತು.

ಕೆಳಗೆ ಬಂದು ಹುಲ್ಲಿನ ಮೇಲೆ ಕೂತು ನಿನಗೆ ಎಸ್ಸೆಮ್ಮೆಸ್ ಬರೆಯೋಕೆ ಹತ್ತಿದೆ. ನಿನಗೆ ಗೊತ್ತೇನು, ಎಸ್ಸೆಮ್ಮೆಸ್ ಇಂಗ್ಲಿಷಿನಲ್ಲಿ ಬರೆದರೆ 160 ಅಕ್ಷರ, ಒಂದೇ ಒಂದು ಕನ್ನಡ ಅಕ್ಷರ ಹಾಕಿದರೆ ಮೇಲಿನ ಲೆಕ್ಕ ದಡಕ್ಕನೆ 70ಕ್ಕೆ ಇಳಿಯುತ್ತದೆ. ಕೊಂಬು, ದೀರ್ಘ, ಒತ್ತು ಎಲ್ಲದಕ್ಕೂ ಬೇರೆ ಬೇರೆ ಎಣಿಕೆ. 'ಅವ್ವ' ಅಂತ ಬರೆದರೆ ನಾಲ್ಕು ಖರ್ಚು. ಒಂದೊಂದು ಗುಂಡಿ ಮೂರು ನಾಲ್ಕು ಸಲ ಒತ್ತುತ್ತಾ ಬರೆದೆ: ಅವ್ವ ಹೋದ ದಿನ ನನಗೆ ಜ್ವರ ಇರಲಿಲ್ಲ.

ಮೂವತ್ತಕ್ಕೆ ಮುಗಿಯಿತು. ಇನ್ನೂ 40 ಉಳಿದಿದ್ದವು. ಕಳಿಸಲಿಲ್ಲ.

ಅದನ್ನೇ ಇಲ್ಲಿ ಬರೀತಿದ್ದೀನಿ. ಅವತ್ತು ಬೆಳಗ್ಗೆ ಆರೂ ನಲವತ್ತಕ್ಕೆ ಗ್ರೂಪಿನಲ್ಲಿ ನಿನ್ನ ಮೆಸೇಜ್ ನೋಡಿದೆ. 'ಓಂ' ಅಂತ ಒತ್ತಿದೆ, 'ಶಾಂತಿ' ಅನ್ನೋದನ್ನು ಫೋನೇ ಹಾಕಿಕೊಟ್ಟಿತು, ಮುಗಿದ ಕೈ ಮೂರು ಹಾಕಿದೆ. ಮೂರು ವರ್ಷ ಆಕೆಯ ರೊಟ್ಟಿ ತಿಂದವನು ಆಕೆಗೆ ಕೊಟ್ಟದ್ದು ಅರ್ಧ ನಿಮಿಷ. ಆಮೇಲೆ ಮುಖ ತೊಳೆಯೋಣ, ಏಳೂವರೆ ಬಸ್ ಹಿಡಿಯೋಣ ಅಂತ ಎದ್ದೆ. ಎದ್ದವನು ಐದು ನಿಮಿಷ ಅಂತ ಮತ್ತೆ ಕೂತೆ. ಫೋನಿನಲ್ಲಿ ಯಾವನೋ ಪರದೇಶದವನು ಕೆಸರು ಮೆತ್ತಿದ ಜಮಖಾನ ತೊಳೀತಿದ್ದ. ನೀರು ಬಿಡ್ತಾನೆ, ಉಜ್ಜುತ್ತಾನೆ, ಕರಿ ನೀರು ಹೋಗುತ್ತದೆ, ಕೆಳಗೆ ಕೆಂಪು ಹೂವಿನ ಡಿಸೈನ್. ಒಂದಾದ ಮೇಲೆ ಒಂದು ಎಷ್ಟು ಜಮಖಾನ ನೋಡಿದೆನೋ. ಏಳೂವರೆ ಬಸ್ ಹೋಯಿತು, ಎಂಟೂವರೆದು ಹೋಯಿತು. ಇಂಡಿ ಏನು ಕಾಶಿಯೇ, ಒಂದೂವರೆ ಗಂಟೆ ದಾರಿ. ಮಧ್ಯಾಹ್ನ ನೀವು ಮಣ್ಣಿಗೆ ಒಯ್ಯುವ ಹೊತ್ತಿಗೆ ನಾನು ಇನ್ನೂ ಬನಿಯನ್ ಮೇಲೆ ಹಾಸಿಗೆಯಲ್ಲಿದ್ದೆ. ಸಂಜೆ ಫೋನ್ ಮಾಡಿ ಜ್ವರ ಅಂದೆ. ನೀನು 'ಮೈ ನೋಡ್ಕೋಳಪಾ' ಅಂದೆ. ನಿನ್ನ ಅವ್ವ ಸತ್ತ ದಿನ ನೀನು ನನಗೆ ಹಾಗೆ ಹೇಳಿದೆ.

ಇದನ್ನು ಫೋನಿನ ಮೇಲೆ ಹಾಕೋದು ಬಹಳ ಸಲೀಸು. ಹಾಳು ಚಟ, ಬಿಟ್ಟೆ, ಶುದ್ಧನಾದೆ ಅಂತ. ಹಾಗೇ ಹೇಳಿಕೊಂಡೇ ಡಬ್ಬಾ ತಗೊಂಡೆ. ಆದರೆ ಈ ಡಬ್ಬಾದಲ್ಲಿ ಜಮಖಾನ ಇಲ್ಲ, ಆದರೂ ಐದು ವಾರದಿಂದ ನಿನಗೆ ಕರೆ ಮಾಡೋಕೆ ಆಗಿಲ್ಲ ನೋಡು. ಆಕೆಯನ್ನು ನಡುಮನೆಯಲ್ಲಿ ಕೂರಿಸಿರುತ್ತಾರೆ, ಮುಖ ನೋಡಬೇಕಾಗುತ್ತದೆ ಅಂತ ಹೆದರಿದ್ದೆ. ಅಷ್ಟೇ. ಅವತ್ತು ಫೋನ್ ಇರದಿದ್ದರೆ ನಾನು ಗೋಡೆ ನೋಡುತ್ತಾ ಕೂರುತ್ತಿದ್ದೆನೋ ಏನೋ.

ಇರಲಿ, ಜಾಸ್ತಿ ಆಯಿತು. ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ, ಬ್ಯಾಟರಿ ಎಂಟು ದಿನ ಬರುತ್ತದೆ ಅಂತ ಜಂಬ ಕೊಚ್ಚೋಕೆ ಕೂತದ್ದು. ಮತ್ತೆ ಇಷ್ಟುದ್ದದ್ದನ್ನು ಡಬ್ಬಾದಲ್ಲಿ ಟೈಪ್ ಮಾಡಿದ ಅಂತ ಯಾರಾದರೂ ಬೆರಗಾಗಿದ್ದರೆ ಆಗಬೇಡಿ. ಇದು ನಮ್ಮಾಕೆಯ ಸ್ಮಾರ್ಟ್‌ಫೋನ್. ಆಕೆ ಚಪಾತಿ ಲಟ್ಟಿಸುವ ಹೊತ್ತಿನಲ್ಲಿ ದಿನಾ ಅರ್ಧ ಗಂಟೆ ಇಸ್ಕೊಳ್ತೀನಿ, ಪತ್ರ ಬರೀತೀನಿ ಅಂತ. ಹತ್ತು ನಿಮಿಷ ಪತ್ರ, ಇಪ್ಪತ್ತು ನಿಮಿಷ ಏನು ಅಂತ ಕೇಳಬೇಡ. ಹೋದ ವಾರ ಒಬ್ಬ ಹಳೇ ಕುದುರೆ ಲಾಳ ತಿಕ್ಕಿ ಹೊಳಪು ಮಾಡೋದನ್ನು ಕೊನೇತನಕ ನೋಡಿದೆ.

ಬರೋ ರವಿವಾರ ಏಳೂವರೆ ಬಸ್ಸಿಗೆ ಬರ್ತೀನಿ. ಸ್ಟ್ಯಾಂಡಿನಲ್ಲಿ ಇಳಿದು ಎರಡು ಮಿಸ್ ಕಾಲ್ ಕೊಡ್ತೀನಿ, ಈಗ ಕರೆ ಪುಕ್ಕಟೆ ಅಂತ ಗೊತ್ತು, ಆದರೂ ಎತ್ತಬೇಡ. ವೈನಿಯವರಿಗೆ ಅಡುಗೆಗೆ ಏನೂ ಹೇಳಬೇಡ, ರೊಟ್ಟಿ ಇದ್ದರೆ ಸಾಕು. ಚಪ್ಪಲಿ ಈ ಸಲ ಒಳಗೇ ಬಿಡ್ತೀನಿ.