ಹೊಸ ಮರಿಗೆ ಭೇದಿಯಾದರೆ ಮೊದಲು ಹಾಲು ನಿಲ್ಲಿಸಿ

ಎಲ್ಲರಿಗೂ ನಮಸ್ಕಾರ. ಈ ವಾರ ಬೆಕ್ಕಿನ ಮರಿ ಮನೆಗೆ ತಂದ ಮೂವರೂ ಕೇಳಿದ್ದು ಒಂದೇ ಪ್ರಶ್ನೆ: "ಮರಿಗೆ ಭೇದಿ ಆಗ್ತಿದೆ, ಏನು ಮಾಡೋದು?" ಅದಕ್ಕೇ ಇಲ್ಲೇ ಬರೆಯುತ್ತಿದ್ದೇನೆ.

ಮೊದಲು ಹಾಲಿನ ಬಟ್ಟಲು ಎತ್ತಿಡಿ. ತಾಯಿಹಾಲು ಬಿಟ್ಟ ಮೇಲೆ ಹೆಚ್ಚಿನ ಮರಿಗಳಿಗೆ ಹಸುವಿನ ಹಾಲು ಅರಗುವುದಿಲ್ಲ. ಹಾಲು ಕಂಡರೆ ಓಡುತ್ತಿದ್ದ ತೆನಾಲಿ ರಾಮನ ಬೆಕ್ಕೇ ಜಾಣ ಅನ್ನಿ! ಕುಡಿಯಲು ನೀರು ಮಾತ್ರ ಸದಾ ಇರಲಿ.

ಮುಂಚೆ ಏನು ತಿನ್ನುತ್ತಿತ್ತೋ ಅದನ್ನೇ ಕೊಡಿ. ಹೊಸ ಆಹಾರವನ್ನು 7-10 ದಿನಗಳಲ್ಲಿ ಸ್ವಲ್ಪ ಸ್ವಲ್ಪವೇ ಬೆರೆಸಿ. ಹೊಟ್ಟೆ ಕೆಟ್ಟಿದೆ ಅಂತ ಮರಿಯನ್ನು ಉಪವಾಸ ಕೆಡವಬೇಡಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಕೋಳಿಮಾಂಸವನ್ನು ಎಳೆ ಎಳೆಯಾಗಿ ಬಿಡಿಸಿ, ಆ ಊಟದ ಜೊತೆಗೆ ಆಗಾಗ ಒಂದೆರಡು ಚೂರು ಕೊಡಬಹುದು.

ನಮ್ಮ ಕೆಂಚ ಬಂದಾಗ ಅವನ ಹೊಟ್ಟೆ ಡೋಲಿನ ಹಾಗಿತ್ತು. ಮೂರನೇ ದಿನ ಮಲದಲ್ಲಿ ಬೆಂದ ಶಾವಿಗೆಯಂಥ ಹುಳ ಕಾಣಿಸಿತು. ಡಾಕ್ಟರು ಅವನನ್ನು ತೂಕ ಮಾಡಿ ಹುಳದ ಔಷಧಿ ಕೊಟ್ಟರು. ನೀವೂ ಹೋಗುವಾಗ ಪುಟ್ಟ ಡಬ್ಬಿಯಲ್ಲಿ ಅದೇ ದಿನದ ಮಲ ಒಯ್ಯಿರಿ, ನಾಚಿಕೆ ಬೇಡ.

ವಾಂತಿ, ಮಲದಲ್ಲಿ ರಕ್ತ, ಊಟ ಬಿಟ್ಟು ಮಂಕಾಗಿ ಮಲಗುವುದು: ಇದರಲ್ಲಿ ಒಂದು ಕಂಡರೂ ನಾಳೆಗೆ ಇಡಬೇಡಿ. ಹೆಗಲ ಮೇಲಿನ ಚರ್ಮ ಮೆಲ್ಲಗೆ ಎತ್ತಿ ಬಿಟ್ಟಾಗ ತಕ್ಷಣ ಕೂರದಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಅಂತಲೇ ತಿಳಿಯಿರಿ. ಮರಿಗಳು ಬೇಗ ಸೋಲುತ್ತವೆ.

ಮನೆಯಲ್ಲಿರುವ ನಮ್ಮ ಮಾತ್ರೆ ಯಾವುದನ್ನೂ ಕೊಡಬೇಡಿ. ಪ್ಯಾರಾಸಿಟಮಾಲ್ ಅಂತೂ ಬೆಕ್ಕಿಗೆ ವಿಷ.