ಕೋವಿ ಮದ್ದಿನ ಕಾಳು ಎಷ್ಟು ಸಣ್ಣದಿರಬೇಕು?

ಅಪ್ಪಾ,

ನಮಸ್ಕಾರ. ನಾನಿಲ್ಲಿ ಆರಾಮಾಗಿದ್ದೇನೆ, ಅಮ್ಮನಿಗೂ ಹೇಳಿ.

ಮೊನ್ನೆ ಫೋನಿನಲ್ಲಿ "ಮದ್ದು ಅಂದ್ರೆ ಮದ್ದು, ಅದರಲ್ಲೂ ಬೇರೆ ಬೇರೆ ಇರುತ್ತಾ?" ಅಂತ ಕೇಳಿದಿರಿ. ಅದು ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ. ನಳಿಗೆಯ ಬಾಯಿಂದ ತುಂಬುವ ರೈಫಲ್‌ಗೆ ಹಾಕುವುದು ಕರಿಮದ್ದು. ಡಬ್ಬದಿಂದ ಡಬ್ಬಕ್ಕೆ ಮುಖ್ಯವಾಗಿ ಬದಲಾಗುವುದು ಅದರ ಕಾಳಿನ ಗಾತ್ರ.

ಇಲ್ಲಿ ಅಮೆರಿಕದಲ್ಲಿ ಡಬ್ಬದ ಮೇಲೆ ಎಫ್ ಅಕ್ಷರ ಹಾಕಿರುತ್ತಾರೆ. ಎಫ್ ಜಾಸ್ತಿ ಆದಷ್ಟೂ ಕಾಳು ಸಣ್ಣ. ಒಂದು ಎಫ್ ಇದ್ದರೆ ದಪ್ಪ ಕಾಳು, ತುಂಬಾ ಅಗಲ ನಳಿಗೆಯ ಹಳೇ ಮಸ್ಕೆಟ್‌ಗಳಿಗೆ. 2ಎಫ್ ಕಾಳು ಸುಮಾರು 0.6ರಿಂದ 1.2 ಮಿಲಿಮೀಟರ್. 3ಎಫ್ ಸುಮಾರು 0.3ರಿಂದ 0.85. 4ಎಫ್ ಹೆಚ್ಚುಕಡಿಮೆ ಪುಡಿಯೇ. ಗಮನಿಸಿ, 2ಎಫ್‌ನ ತೀರಾ ಸಣ್ಣ ಕಾಳಿಗಿಂತ 3ಎಫ್‌ನ ತೀರಾ ದಪ್ಪ ಕಾಳೇ ದೊಡ್ಡದು. ಅದಕ್ಕೇ ಒಂದು ಕಂಪನಿಯ 2ಎಫ್ ಇನ್ನೊಂದು ಕಂಪನಿಯದರ ಹಾಗೆ ಹೊಡೆಯುವುದಿಲ್ಲ. ಡಬ್ಬ ಬದಲಾದರೆ ಲೆಕ್ಕವೂ ಹೊಸದಾಗಿ ಶುರು.

ಗಾತ್ರಕ್ಕೆ ಯಾಕಿಷ್ಟು ಬೆಲೆ ಅಂದರೆ, ಕಾಳು ಹೊರಗಿನಿಂದ ಒಳಕ್ಕೆ ಉರಿಯುತ್ತದೆ. ಕೊರಡಿಗಿಂತ ಪುಳ್ಳೆ ಬೇಗ ಹೊತ್ತಿಕೊಳ್ಳುವುದಿಲ್ಲವೇ, ಹಾಗೆ. ಅಷ್ಟೇ ತೂಕದ ಮದ್ದು ಸಣ್ಣ ಕಾಳಾಗಿದ್ದರೆ ಬೆಂಕಿಗೆ ಸಿಗುವ ಮೈ ಜಾಸ್ತಿ. ಬೇಗ ಉರಿಯುತ್ತದೆ, ನಳಿಗೆಯೊಳಗೆ ಒತ್ತಡ ಬೇಗ ಏರುತ್ತದೆ. ಕಿರಿದಾದ ನಳಿಗೆಯಲ್ಲಿ ಗುಂಡು ಹಗುರ, ಬೇಗ ಜಾಗ ಬಿಡುತ್ತದೆ. ಅಲ್ಲಿ ಸಣ್ಣ ಕಾಳು ಸರಿ. ಅಗಲ ನಳಿಗೆಯಲ್ಲಿ ಗುಂಡು ಭಾರ, ಕದಲಲು ಹೊತ್ತು ಬೇಕು. ಅಲ್ಲಿ ನಿಧಾನವಾಗಿ ತಳ್ಳುವ ಮದ್ದು ಒಳ್ಳೆಯದು. ಹಾಗಾಗಿ .45 ಕ್ಯಾಲಿಬರ್‌ವರೆಗೆ (ಕ್ಯಾಲಿಬರ್ ಅಂದರೆ ನಳಿಗೆಯ ಒಳ ಅಗಲ, ಇಂಚಿನ ಲೆಕ್ಕದಲ್ಲಿ) 3ಎಫ್, .50ರಿಂದ ಮೇಲಕ್ಕೆ 2ಎಫ್ ಅನ್ನುವುದು ಹಳಬರ ರೂಢಿ.

ತಕರಾರು ಇರುವುದೆಲ್ಲ .50 ಕ್ಯಾಲಿಬರ್‌ನಲ್ಲೇ. ನನ್ನದೂ ಅದೇ. ಇಂಡಿಯಾನಾದ ಫ್ರೆಂಡ್‌ಶಿಪ್ ಅನ್ನುವ ಊರಲ್ಲಿ ನ್ಯಾಷನಲ್ ಮಜಲ್ ಲೋಡಿಂಗ್ ರೈಫಲ್ ಅಸೋಸಿಯೇಷನ್‌ನ ಮೈದಾನವಿದೆ. 1933ರಲ್ಲಿ ಶುರುವಾದ ಸಂಘ ಅದು. ಅಂಥ ಕಡೆ .50ಕ್ಕೆ 2ಎಫ್ ಹಾಕುವವರೂ ಇರುತ್ತಾರೆ, 3ಎಫ್ ಬಿಟ್ಟು ಬೇರೇನೂ ಮುಟ್ಟದವರೂ ಇರುತ್ತಾರೆ. ಪ್ಯಾಚ್ ಬಟ್ಟೆ ಸುತ್ತಿದ ಸೀಸದ ಉಂಡೆ ಗುಂಡಿಗೆ ನನ್ನ ಮತ 3ಎಫ್‌ಗೆ. ಕಾರಣ ಕಿಟ್ಟ. ಕರಿಮದ್ದು ಉರಿದ ಮೇಲೆ ಅರ್ಧಕ್ಕಿಂತ ಜಾಸ್ತಿ ಪಾಲು ಗಟ್ಟಿ ಪದಾರ್ಥವಾಗಿಯೇ ಉಳಿಯುತ್ತದೆ. ಹೊಗೆಯಾಗಿ ಹೋದದ್ದು ಹೋಯಿತು, ಮಿಕ್ಕಿದ್ದು ನಳಿಗೆಗೆ ಅಂಟುತ್ತದೆ. 2ಎಫ್ ಹಾಕಿ ನಾಲ್ಕೈದು ಈಡು ಹೊಡೆದ ಮೇಲೆ ಗಜ, ಅಂದರೆ ಗುಂಡನ್ನು ಒಳಕ್ಕೆ ತಳ್ಳುವ ಕೋಲು, ಇಳಿಸಿದರೆ, ತಳ ಮುಟ್ಟುವ ಮುಂಚೆ ಕರಕರ ಅಂತ ಕೈಗೆ ತಿಳಿಯುತ್ತದೆ. ಗುಂಡು ಮದ್ದಿನ ಮೇಲೆ ಕೂರದೆ ನಡುವೆ ನಿಂತರೆ ನಳಿಗೆ ಉಬ್ಬಬಹುದು, ಸೀಳಬಹುದು. ಅದಕ್ಕೇ ಗಜದ ಮೇಲೆ ಗುರುತು ಹಾಕಿಟ್ಟಿದ್ದೇನೆ. ಗುರುತು ನಳಿಗೆಯ ಬಾಯಿಗೆ ಬರುವ ತನಕ ಕೇಪು, ಅಂದರೆ ಮದ್ದಿಗೆ ಕಿಡಿ ಕೊಡುವ ಪುಟ್ಟ ಟೋಪಿ, ಮುಟ್ಟುವುದಿಲ್ಲ. 3ಎಫ್‌ನಲ್ಲಿ ಕಿಟ್ಟ ಕಡಿಮೆ. ಇನ್ನೊಂದು ವಿಷಯ, ಕೆಲವು ಕೇಪಿನ ಕೋವಿಗಳಲ್ಲಿ ನಳಿಗೆಯ ತಳ ಇಕ್ಕಟ್ಟಾಗಿ ಕಿರಿದಾಗುತ್ತದೆ. ಆ ಸಂದಿಗೆ ಸಣ್ಣ ಕಾಳು ಸಲೀಸಾಗಿ ಇಳಿಯುತ್ತದೆ, ಕೇಪಿನ ಕಿಡಿ ತಪ್ಪದೆ ಸಿಗುತ್ತದೆ.

ಆದರೆ 2ಎಫ್‌ನಿಂದ 3ಎಫ್‌ಗೆ ಹೋಗುವಾಗ ಅಷ್ಟೇ ಅಳತೆ ಹಾಕಬಾರದು. ಶೇಕಡಾ 10ರಿಂದ 15 ಇಳಿಸಬೇಕು. ಕೋವಿಯ ಜೊತೆ ಬಂದ ಪುಸ್ತಕದಲ್ಲಿ ಕೊಟ್ಟಿರುವ ಮೇಲಿನ ಮಿತಿ ದಾಟುವ ಮಾತೇ ಇಲ್ಲ. ನಾನು .50ಕ್ಕೆ 50 ಗ್ರೇನ್‌ನಿಂದ ಶುರು ಮಾಡಿದೆ. ಅಂದರೆ ಸುಮಾರು ಮೂರೂಕಾಲು ಗ್ರಾಂ. ಐದು ಐದು ಗ್ರೇನ್ ಏರಿಸುತ್ತಾ ಗುರಿ ಹಲಗೆಯಲ್ಲಿ ತೂತುಗಳು ಎಲ್ಲಿ ಒತ್ತೊತ್ತಾಗಿ ಬೀಳುತ್ತವೆ ಅಂತ ನೋಡುವುದು. ಹೊಡೆದ ಮೇಲೆ ಹತ್ತು ಹದಿನೈದು ಹೆಜ್ಜೆ ಮುಂದೆ ಬಿದ್ದಿರುವ ಪ್ಯಾಚನ್ನೂ ಹೆಕ್ಕಿ ನೋಡಬೇಕು. ನಡುವೆ ದುಂಡಗೆ ಮಸಿ, ಅಂಚಿನ ನೂಲು ಗಟ್ಟಿ ಇದ್ದರೆ ಎಲ್ಲ ಸರಿ. ಸುಟ್ಟು ತೂತಾಗಿದ್ದರೆ ಬಟ್ಟೆ ತೆಳುವಾಯಿತು, ಇಲ್ಲವೇ ಮದ್ದು ಜಾಸ್ತಿಯಾಯಿತು. ಒಮ್ಮೆಗೆ ಒಂದನ್ನೇ ಬದಲಾಯಿಸಬೇಕು. ಕಾಳು, ಅಳತೆ, ಬಟ್ಟೆ ಎಲ್ಲ ಒಟ್ಟಿಗೆ ಬದಲಾಯಿಸಿದರೆ ಏನೂ ಗೊತ್ತಾಗಲ್ಲ.

4ಎಫ್ ಚಕಮಕಿ ಕೋವಿಗೆ ಮಾತ್ರ, ಅದೂ ಹೊರಗೆ ಕಿಡಿ ಬೀಳುವ ಪುಟ್ಟ ಬಟ್ಟಲಿಗೆ ಒಂದು ಚಿಟಿಕೆ. ಅದನ್ನು ನಳಿಗೆಗೆ ತುಂಬಬಾರದು. ತೇವದ ದಿನ ಅದು ಬೇಗ ನೀರು ಹೀರುತ್ತದೆ, ಆಗ ಬಟ್ಟಲಿಗೂ 3ಎಫ್ ಹಾಕುವವರಿದ್ದಾರೆ.

ಡಬ್ಬದಿಂದ ನೇರವಾಗಿ ನಳಿಗೆಗೆ ಸುರಿಯುವುದಿಲ್ಲ, ಹೆದರಬೇಡಿ. ಒಳಗೆ ಒಂದು ಕೆಂಡ ಉಳಿದಿದ್ದರೂ ಡಬ್ಬವೇ ಹೊತ್ತಿಕೊಳ್ಳಬಹುದು. ಅಳತೆ ಪಾತ್ರೆಗೆ ಹಾಕಿ, ಡಬ್ಬ ಮುಚ್ಚಿಟ್ಟು, ಆಮೇಲೆ ತುಂಬುವುದು. ಈಗಿನ ತೋಟಾಗಳಲ್ಲಿರುವ ಹೊಗೆಯಿಲ್ಲದ ಮದ್ದನ್ನು ಈ ಕೋವಿಗಳ ಹತ್ತಿರವೂ ತರಬಾರದು. ನಳಿಗೆ ಸಿಡಿಯುತ್ತದೆ. ಹೊಡೆದ ದಿನವೇ ಬಿಸಿನೀರಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚಿಡುತ್ತೇನೆ. ಕಿಟ್ಟ ತೇವ ಎಳೆದುಕೊಂಡು ರಾತ್ರಿ ಕಳೆಯುವುದರೊಳಗೆ ತುಕ್ಕು ಹಿಡಿಸುತ್ತದೆ.

ಇನ್ನೂ ಏನಾದರೂ ಕೇಳುವುದಿದ್ದರೆ ಬರೆಯಿರಿ. ಗುರಿ ಹಲಗೆಯ ಕಾಗದ ಒಂದನ್ನು ಇದರ ಜೊತೆ ಇಟ್ಟಿದ್ದೇನೆ. ಎಡಗಡೆಯವು 2ಎಫ್, ಬಲಗಡೆಯವು 3ಎಫ್.

ನಿಮ್ಮ ಮಗ