ಅಜ್ಜಿಮದ್ದಿನ ಬಗ್ಗೆ ಕನ್ನಡದಲ್ಲೂ ಒಂದು ಚೀಟಿ ಕೊಡಿ

ಮಾನ್ಯರೇ,

ಕಳೆದ ಮಳೆಗಾಲದಲ್ಲಿ ನನ್ನ ಒಂಬತ್ತು ತಿಂಗಳ ಮೊಮ್ಮಗನಿಗೆ ಶೀತವಾಗಿ ಎದೆ ಗೊರಗೊರ ಅನ್ನುತ್ತಿತ್ತು. ತೆಂಗಿನೆಣ್ಣೆ ಬಿಸಿ ಮಾಡಿ, ಕರ್ಪೂರ ಹಾಕಿ ಹಚ್ಚಿದೆ. ನನ್ನಮ್ಮ ನಮಗೆಲ್ಲ ಹಾಗೇ ಮಾಡುತ್ತಿದ್ದರು. ಮರುದಿನ ಮಕ್ಕಳ ಡಾಕ್ಟರು ವಾಸನೆಯಲ್ಲೇ ಕಂಡುಹಿಡಿದು, "ಕರ್ಪೂರ ಹಚ್ಚಿದ್ದು ಯಾರು?" ಅಂದರು. ಅದು ಚರ್ಮದ ಮೂಲಕವೂ ಒಳಗೆ ಹೋಗುತ್ತದೆ, ಸಣ್ಣ ಮಕ್ಕಳಿಗೆ ಫಿಟ್ಸ್ ಬರಬಹುದು ಅಂತ ವಿವರಿಸಿದರು. ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವುದೂ ಬೇಡವಂತೆ. ಒಂದು ವರ್ಷ ತುಂಬುವವರೆಗೆ ಜೇನು ಕೊಡಲೇಬಾರದು. ಜೇನಿನಲ್ಲಿ ಇರಬಹುದಾದ ಒಂದು ರೋಗಾಣು ಎಳೆ ಕರುಳಿನಲ್ಲಿ ಬೆಳೆದು ವಿಷ ಬಿಡುತ್ತದೆ, ಮಗುವಿನ ಕೈಕಾಲು ಸೋತು ಹೋಗುತ್ತವೆ. ಅರುವತ್ತು ದಾಟಿದ ಮೇಲೆ ಇದನ್ನು ಕಲಿತೆ.

ಹಾಗಂತ ನಮ್ಮ ಮದ್ದೆಲ್ಲ ಕೆಟ್ಟದ್ದೆಂದು ಅವರು ಹೇಳಲಿಲ್ಲ. ಮೆಲ್ಲಗೆ ಎಣ್ಣೆ ತಿಕ್ಕಿ ಮೀಯಿಸಿ ಅಂದರು. ಭೇದಿಯಾದರೆ ಓಆರ್‌ಎಸ್ ಕೊಡಿ, ಗಂಜಿ ತಿಳಿಯನ್ನೂ ಬಿಡಬೇಡಿ, ಎದೆಹಾಲು ಅಂತೂ ನಿಲ್ಲಿಸಲೇಬೇಡಿ ಅಂದರು.

ಇದನ್ನೆಲ್ಲ ಮೊದಲೇ ತಿಳಿಯುವುದು ಹೇಗೆ? ನಮ್ಮದು ಕೇರಳದ ಕಾಸರಗೋಡು; ಸೊಸೆಗೆ ಕೊಟ್ಟ ತಾಯಿ-ಮಗುವಿನ ಕಾರ್ಡು ಪೂರ್ತಿ ಮಲಯಾಳದಲ್ಲಿದೆ. ನನಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬಾರದು. ಕನ್ನಡದಲ್ಲಿ ನನ್ನ ಕೈಗೆ ಸಿಗುವುದು ವಾಟ್ಸಾಪ್ ಮಾತ್ರ. ಅಲ್ಲಿ ದಿನಾ ಒಬ್ಬರು ಪ್ರಕೃತಿ ಚಿಕಿತ್ಸೆಯ ಹೆಸರು ಹೇಳಿ, ಜ್ವರ ಬಂದರೆ ಉಪವಾಸ ಹಾಕಿ, ಚುಚ್ಚುಮದ್ದು ಬೇಡ ಅಂತ ಬರೆಯುತ್ತಾರೆ. ಹಾಲು ಕುಡಿಯುವ ಮಗುವಿಗೆ ಎಂಥ ಉಪವಾಸ? 2016ರಲ್ಲಿ ನಮ್ಮದೇ ರಾಜ್ಯದ ಮಲಪ್ಪುರಂನಲ್ಲಿ ಗಂಟಲಮಾರಿ (ಡಿಫ್ತೀರಿಯಾ) ಮತ್ತೆ ಬಂತು, ಮಕ್ಕಳು ತೀರಿಕೊಂಡರು. ಅದನ್ನು ತಡೆಯುವ ಚುಚ್ಚುಮದ್ದು ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ.

ನಮ್ಮ ಕಡೆಯವರು ಇಂಥ ಮೆಸೇಜು ನಂಬುವುದಕ್ಕೆ ಕಾರಣವೂ ಇದೆ. ಇಲ್ಲಿನ ಗೇರು ತೋಟಗಳಿಗೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದರು. ಏನೂ ಆಗುವುದಿಲ್ಲ ಅಂತ ಆಗ ಹೇಳಿದವರೂ ಓದಿದವರೇ. ನಮ್ಮ ಸುತ್ತಿನ ಎಣ್ಮಕಜೆ, ಪಡ್ರೆ ಊರುಗಳಲ್ಲಿ ಮಕ್ಕಳ ಗತಿ ಏನಾಯಿತೆಂದು ಎಲ್ಲರಿಗೂ ಗೊತ್ತು. ಅದನ್ನು ಕಣ್ಣಾರೆ ಕಂಡವರಿಗೆ 'ನೈಸರ್ಗಿಕ' ಅಂದ ಕೂಡಲೇ ಧೈರ್ಯ ಬರುತ್ತದೆ, ಅಲ್ವಾ? ಅವರನ್ನು ಮೂಢರು ಅಂತ ಬೈದರೆ ಜಾಸ್ತಿ ದೂರ ಹೋಗುತ್ತಾರೆ ಅಷ್ಟೇ.

ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರದ ಜೊತೆ ವ್ಯವಹರಿಸಬಹುದೆಂದು 1969ರ ಕೇರಳದ ಆಡಳಿತ ಭಾಷಾ ಕಾಯ್ದೆಯೇ ಹೇಳುತ್ತದೆ. ಆರೋಗ್ಯ ಇಲಾಖೆ ಕಾಸರಗೋಡು, ಮಂಜೇಶ್ವರ ತಾಲೂಕುಗಳಿಗೆ ಈ ಕಾರ್ಡನ್ನು ಕನ್ನಡದಲ್ಲಿ ಕೊಡಲಿ. ಜೊತೆಗೆ ಒಂದು ಚೀಟಿ ಇರಲಿ: ಯಾವ ಮನೆಮದ್ದು ಯಾವ ಪ್ರಾಯದ ಮಗುವಿಗೆ ಆಗುತ್ತದೆ, ಯಾವುದು ಆಗದು, ಯಾವಾಗ ಕಷಾಯ ಬಿಟ್ಟು ಆಸ್ಪತ್ರೆಗೆ ಓಡಬೇಕು. ಆಶಾ ಕಾರ್ಯಕರ್ತೆಯರಿಗೂ ಕೆಲಸ ಹಗುರಾದೀತು.

ಸದ್ಯ ನಾನು ಕಾರ್ಡು ಓದಿಸಲು ಪಕ್ಕದ ಮನೆಯ ಎಂಟನೇ ಕ್ಲಾಸಿನ ಹುಡುಗನನ್ನು ಕರೆಯುತ್ತೇನೆ. ಮುಂದಿನ ವಾರದಿಂದ ಅವನಿಗೆ ಪರೀಕ್ಷೆ.

— ಒಬ್ಬ ಅಜ್ಜಿ, ಪೆರ್ಲ